ದೇವರ ಮೆಚ್ಚಿಕೆ, ಜನರ ಮೆಚ್ಚಿಕೆ

ಭಕ್ತನು ಯಾರ ಕಣ್ಣೆದುರು ಬಾಳಬೇಕು, ದೇವರ ಎದುರೋ ನಾಲ್ಕು ಜನರ ಎದುರೋ ಎಂಬುದು ಕ್ರೈಸ್ತ ನೀತಿವಿಚಾರದ ಅತಿ ಹಳೆಯ ಪ್ರಶ್ನೆಗಳಲ್ಲಿ ಒಂದು. ಇದರ ಬೇರು ಹಳೆಯ ಒಡಂಬಡಿಕೆಯಲ್ಲೇ ಇದೆ. ಇಸ್ರಾಯೇಲರ ಮೊದಲ ಅರಸ ಸೌಲನು ಜನರಿಗೆ ಹೆದರಿ ಅವರ ಮಾತು ಕೇಳಿದೆನೆಂದು ಪ್ರವಾದಿ ಸಮುವೇಲನ ಮುಂದೆ ಒಪ್ಪಿಕೊಳ್ಳುತ್ತಾನೆ. ಆ ತಪ್ಪಿಗೆ ಅವನ ಅರಸುತನವೇ ಹೋಗುತ್ತದೆ. ಒಂದನೆಯ ಶತಮಾನದ ನಡುಭಾಗದಲ್ಲಿ ಗಲಾತ್ಯದ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನು, ಜನರನ್ನು ಮೆಚ್ಚಿಸುವುದೇ ತನ್ನ ಗುರಿಯಾಗಿದ್ದರೆ ತಾನು ಕ್ರಿಸ್ತನ ಸೇವಕನಲ್ಲ ಎಂದು ಮೊದಲ ಅಧ್ಯಾಯದಲ್ಲೇ ಖಂಡಿತವಾಗಿ ಹೇಳುತ್ತಾನೆ.

ಯೇಸುವಿನ ಬೋಧನೆಯಲ್ಲಿ ಈ ವಿಚಾರ ಬರುವುದು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ. ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಜನ ನೋಡಲೆಂದು ಮಾಡುವವರನ್ನು ಅಲ್ಲಿ ಕಪಟಿಗಳೆಂದು ಕರೆದಿದೆ. ಗ್ರೀಕ್ ಮೂಲದಲ್ಲಿರುವುದು ನಾಟಕದ ನಟನಿಗೆ ಬಳಸುತ್ತಿದ್ದ ಪದ. ಅಂಥವರಿಗೆ ಸಿಗಬೇಕಾದ ಫಲ ಆಗಲೇ ಸಿಕ್ಕಿದೆ ಎನ್ನುವಾಗ ಬಳಸಿದ ಕ್ರಿಯಾಪದ ಇನ್ನೂ ಸ್ವಾರಸ್ಯದ್ದು. ಈಜಿಪ್ಟಿನಲ್ಲಿ ದೊರೆತ ಹಳೆಯ ಪಪೈರಸ್ ರಸೀದಿಗಳಲ್ಲಿ ಹಣ ಪೂರ್ತಿ ಸಂದಾಯವಾಯಿತು ಎಂದು ಬರೆಯಲು ಇದೇ ಪದವಿದೆ. ನೋಡಿದವರು ಹೊಗಳಿದರು, ಲೆಕ್ಕ ಚುಕ್ತಾ ಆಯಿತು. ದೇವರಿಂದ ಬರಬೇಕಾದ ಬಾಕಿ ಏನೂ ಉಳಿಯಲಿಲ್ಲ.

ವಿರೋಧಿಗಳ ಎದುರು ಗಟ್ಟಿಯಾಗಿ ನಿಲ್ಲುವುದು ದೇವರ ಕಣ್ಣೆದುರು ಬಾಳುವುದರ ಒಂದು ಮುಖ ಮಾತ್ರ. ಯೆರೂಸಲೇಮಿನ ಹಿರೀಸಭೆಯ ಮುಂದೆ ಪೇತ್ರನು, ಮನುಷ್ಯರಿಗಿಂತ ದೇವರಿಗೆ ವಿಧೇಯನಾಗಬೇಕೆಂದು ಧೈರ್ಯವಾಗಿಯೇ ಹೇಳಿದ. ಅದೇ ಪೇತ್ರ ಅಂತಿಯೋಕ್ಯದಲ್ಲಿ ಎಡವಿದ. ಯೆಹೂದ್ಯರಲ್ಲದ ವಿಶ್ವಾಸಿಗಳೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದವನು, ಯೆರೂಸಲೇಮಿನ ಯೆಹೂದಿ ವಿಶ್ವಾಸಿಗಳ ಮುಂದಾಳು ಯಾಕೋಬನ ಕಡೆಯವರು ಬಂದೊಡನೆ ಅವರಿಗೆ ಹೆದರಿ ಹಿಂದೆ ಸರಿದ. ಪೌಲನ ಜೊತೆಗಾರ ಬಾರ್ನಬನೂ ಅವನನ್ನು ಹಿಂಬಾಲಿಸಿದ. ಪೌಲನು ಎಲ್ಲರೆದುರೇ ಪೇತ್ರನನ್ನು ಗದರಿಸಿದ ಪ್ರಸಂಗ ಗಲಾತ್ಯ ಪತ್ರದ 2ನೆಯ ಅಧ್ಯಾಯದಲ್ಲಿದೆ. ಪರರ ಬೆದರಿಕೆಗೆ ಬಗ್ಗದವನನ್ನು ತನ್ನವರ ಅಸಮಾಧಾನ ಬಗ್ಗಿಸಿತು. ಈ ವಿಷಯದ ನಿಜವಾದ ಕಷ್ಟ ಇರುವುದು ಇಲ್ಲಿ.

ನಾಲ್ಕನೆಯ ಶತಮಾನದ ಈಜಿಪ್ಟಿನ ಮರುಭೂಮಿಯ ಸಂನ್ಯಾಸಿಗಳು ಜನರ ಮೆಚ್ಚಿಕೆಯ ಈ ಹಂಬಲವನ್ನು ಮನಸ್ಸಿನ ರೋಗವಾಗಿ ಪರಿಶೀಲಿಸಿದರು. ಅವರಲ್ಲೊಬ್ಬನಾದ ಎವಾಗ್ರಿಯಸ್ ಪಟ್ಟಿ ಮಾಡಿದ ಎಂಟು ಕೆಟ್ಟ ಯೋಚನೆಗಳಲ್ಲಿ ಬರಿಹೆಮ್ಮೆಯೂ ಒಂದು. ಅವನ ವಿಚಾರಗಳನ್ನು ಪಶ್ಚಿಮಕ್ಕೆ ಒಯ್ದ ಜಾನ್ ಕ್ಯಾಸಿಯನ್ ಅದನ್ನು ಈರುಳ್ಳಿಗೆ ಹೋಲಿಸಿದ: ಒಂದು ಸಿಪ್ಪೆ ಸುಲಿದರೆ ಒಳಗೆ ಇನ್ನೊಂದು. ಒಳ್ಳೆಯ ಬಟ್ಟೆ ತೊಟ್ಟು ಹೆಮ್ಮೆಪಡಲಾಗದವನು ಹರಕು ಬಟ್ಟೆಯಿಂದಲೇ ಹೆಮ್ಮೆಪಡುತ್ತಾನೆ.

ಹಾಗೆಂದು ಜನರನ್ನು ಲೆಕ್ಕಿಸದಿರುವುದೇ ಭಕ್ತಿಯಲ್ಲ. ನೆರೆಯವನ ಹಿತಕ್ಕಾಗಿ ಅವನನ್ನು ಮೆಚ್ಚಿಸಬೇಕೆಂದು ರೋಮಾಪುರದವರಿಗೆ ಬರೆದವನೂ ಪೌಲನೇ. ಲಾಭ ಯಾರಿಗೆ ಎಂಬುದರ ಮೇಲೆ ವ್ಯತ್ಯಾಸ ನಿಂತಿದೆ.

ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಪಂಡಿತಾ ರಮಾಬಾಯಿ (1858–1922) ಊರವರು, ಚರ್ಚಿನವರು ಎರಡೂ ಕಡೆಯವರ ಮುನಿಸನ್ನು ಉಂಡವರು. ಹುಟ್ಟಿದ್ದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ, ಹೆಂಡತಿಗೆ ಸಂಸ್ಕೃತ ಕಲಿಸಿ ಮಡಿವಂತರ ವಿರೋಧ ಕಟ್ಟಿಕೊಂಡಿದ್ದವರು. ಕಲ್ಕತ್ತೆಯ ವಿದ್ವಾಂಸರು 1878ರಲ್ಲಿ ರಮಾಬಾಯಿಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದಾಗ ಊರಕಡೆಯ ಮೆಚ್ಚಿಕೆ ನಿಂದೆಗೆ ತಿರುಗಿತು. ಇತ್ತ, ದೀಕ್ಷೆಗೆ ದಾರಿ ತೋರಿದ ಆಂಗ್ಲಿಕನ್ ಗುರುಹಿರಿಯರೂ ಸುಪ್ರೀತರಾಗಲಿಲ್ಲ. ಸಸ್ಯಾಹಾರ ಬಿಡಲು ಒಪ್ಪದ, ಲ್ಯಾಟಿನ್ ಬರಹವಿದ್ದ ಶಿಲುಬೆ ತನಗೇಕೆಂದು ಕೇಳಿದ ಈ ಹೆಣ್ಣುಮಗಳು ತನ್ನ ಆತ್ಮಸಾಕ್ಷಿ ಹೇಳಿದ್ದಕ್ಕೆ ಹೊರತು ಚರ್ಚಿನ ಅಧಿಕಾರಕ್ಕೆ ತಲೆಬಾಗುವುದಿಲ್ಲವೆಂದು ವಾದಿಸಿದರು. ಮುಂದೆ ಪುಣೆಯ ಸಮೀಪದ ಕೇಡಗಾಂವದಲ್ಲಿ ಮುಕ್ತಿ ಸದನ ಕಟ್ಟಿ, ಬರಗಾಲದಲ್ಲಿ ದಿಕ್ಕೆಟ್ಟ ಹೆಣ್ಣುಮಕ್ಕಳಿಗೆ ಆಸರೆ ಕೊಟ್ಟರು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು.

ಇಪ್ಪತ್ತನೆಯ ಶತಮಾನದ ಉದಾಹರಣೆಗಳಲ್ಲಿ ಆಸ್ಟ್ರಿಯದ ರೈತ ಫ್ರಾಂಟ್ಸ್ ಯೇಗರ್‌ಸ್ಟೆಟರನದು ಎಲ್ಲಕ್ಕಿಂತ ಕಠಿಣವಾದದ್ದು. 1907ರಲ್ಲಿ ಸೇಂಟ್ ರಾಡೆಗುಂಡ್ ಎಂಬ ಸಣ್ಣ ಹಳ್ಳಿಯಲ್ಲಿ ಹುಟ್ಟಿದ ಆತ ಬೇಸಾಯದ ಜೊತೆಗೆ ಊರ ಚರ್ಚಿನ ಊಳಿಗವನ್ನೂ ಮಾಡುತ್ತಿದ್ದ. 1938ರಲ್ಲಿ ಆಸ್ಟ್ರಿಯವನ್ನು ಜರ್ಮನಿಗೆ ಸೇರಿಸಿಕೊಂಡದ್ದಕ್ಕೆ ಜನರ ಒಪ್ಪಿಗೆ ಕೇಳಿದಾಗ ಆ ಊರಿನಲ್ಲಿ ವಿರುದ್ಧವಾಗಿ ಮತ ಹಾಕಿದವನು ಅವನೊಬ್ಬನೇ. ಹಿಟ್ಲರನ ಯುದ್ಧ ಅನ್ಯಾಯದ್ದು, ಅದರಲ್ಲಿ ಕಾದಾಡುವುದು ಪಾಪ ಎಂಬುದು ಅವನ ದೃಢ ನಂಬಿಕೆ. ಹಟಮಾರಿಯೇನೂ ಅಲ್ಲ, ಪಾದ್ರಿಗಳನ್ನು ಕೇಳಿದ, ಲಿನ್ಸ್ ನಗರಕ್ಕೆ ಹೋಗಿ ಧರ್ಮಾಧ್ಯಕ್ಷರನ್ನೇ ಕಂಡ. ಹೆಂಡತಿ ಮಕ್ಕಳನ್ನು ನೋಡಿಕೊ, ಯುದ್ಧದ ನ್ಯಾಯಾನ್ಯಾಯ ನಿರ್ಣಯಿಸುವ ಹೊಣೆ ನಿನ್ನದಲ್ಲ ಎಂಬರ್ಥದ ಬುದ್ಧಿಮಾತು ಸಿಕ್ಕಿತು. ಮನೆಯಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳಿದ್ದರು. 1943ರ ಮಾರ್ಚಿನಲ್ಲಿ ಸೈನ್ಯದ ಕರೆಗೆ ಹಾಜರಾಗಿ, ಆಯುಧ ಹಿಡಿಯುವುದಿಲ್ಲ ಎಂದ. ಗಾಯಾಳುಗಳ ಆರೈಕೆಗೆ ಸಿದ್ಧನಿದ್ದೇನೆಂದರೂ ಯಾರೂ ಕಿವಿಗೊಡಲಿಲ್ಲ. ಆಗಸ್ಟ್ 9ರಂದು ಬ್ರಾಂಡೆನ್‌ಬರ್ಗ್ ಸೆರೆಮನೆಯಲ್ಲಿ ಅವನ ತಲೆ ಕಡಿದರು.

ಯುದ್ಧ ಮುಗಿದರೂ ಅವನಿಗೆ ಊರಿನ ಮೆಚ್ಚಿಕೆ ದೊರೆಯಲಿಲ್ಲ. ಸತ್ತ ಸೈನಿಕರ ಮನೆಗಳಲ್ಲಿ ಅವನ ಹೆಸರು ಚುಚ್ಚುವ ಮುಳ್ಳಾಗಿತ್ತು. ಗಂಡನಿಗೆ ಭಕ್ತಿಯ ಹುಚ್ಚು ಹಿಡಿಸಿದವಳೆಂದು ಹೆಂಡತಿ ಫ್ರಾಂಟ್ಸಿಸ್ಕಳನ್ನು ದೂರಿದವರಿದ್ದರು. 1950ರವರೆಗೆ ಅವಳಿಗೆ ವಿಧವಾ ಪಿಂಚಣಿಯೂ ಸಿಗಲಿಲ್ಲ. 1964ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಗಾರ್ಡನ್ ಜಾನ್ ಪುಸ್ತಕ ಬರೆದ ಮೇಲಷ್ಟೇ ಹೊರಜಗತ್ತು ಅವನನ್ನು ಗುರುತಿಸಿತು. 1997ರಲ್ಲಿ ಬರ್ಲಿನ್ ನ್ಯಾಯಾಲಯ ಅವನ ಮರಣದಂಡನೆಯ ತೀರ್ಪನ್ನು ರದ್ದುಪಡಿಸಿತು. 2007ರ ಅಕ್ಟೋಬರ್ 26ರಂದು ಲಿನ್ಸ್‌ನ ಪ್ರಧಾನ ದೇವಾಲಯದಲ್ಲಿ ಕಥೋಲಿಕ ಸಭೆ ಅವನನ್ನು ಪುನೀತನೆಂದು ಸಾರಿದಾಗ, 94 ವರ್ಷದ ಫ್ರಾಂಟ್ಸಿಸ್ಕ ಮಕ್ಕಳೊಂದಿಗೆ ಅಲ್ಲಿದ್ದಳು.