ರಾಷ್ಟ್ರೀಯ ಸಂಘಟನೆಗಳು ಮತ್ತು ಕರಾವಳಿಯ ಕ್ರೈಸ್ತರು: ಒಂದು ಮರುಚಿಂತನೆ

ವಾರಾಹಿ ನದಿಯ ದಡದಲ್ಲಿರುವ ಹಾಲಾಡಿಯನ್ನು 1920ರ ವೇಳೆಗೆ ಮೂರು ಬೇರೆಬೇರೆ ಭೂಪಟಗಳಲ್ಲಿ ಗುರುತಿಸಬಹುದಾಗಿತ್ತು. ಸರ್ಕಾರದ ಭೂಪಟದಲ್ಲಿ ಅದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕುಂದಾಪುರ ತಾಲ್ಲೂಕಿನ ಒಂದು ಗ್ರಾಮ. ಶಿರೂರು ದಾಟಿದರೆ, 1862ರಲ್ಲಿ ಬೇರ್ಪಟ್ಟ ಉತ್ತರ ಕನ್ನಡ. ಅದು ಬೊಂಬಾಯಿ ಪ್ರಾಂತ್ಯ. ಘಟ್ಟ ಹತ್ತಿದರೆ ಮೈಸೂರು ಸಂಸ್ಥಾನ. ಧರ್ಮಸಭೆಯ ಭೂಪಟದಲ್ಲಿ ಅದು 1886ರಲ್ಲಿ ಸ್ಥಾಪಿತವಾದ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿತ್ತು. ಮೂರನೆಯ ಭೂಪಟವನ್ನು ಬರೆದದ್ದು ಯಾವ ಅಧಿಕಾರವೂ ಇಲ್ಲದ ಒಂದು ಸಂಘ. 1920ರ ಡಿಸೆಂಬರಿನ ನಾಗಪುರ ಅಧಿವೇಶನದಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸು ಭಾಷಾವಾರು ಪ್ರಾಂತ್ಯಗಳನ್ನು ಒಪ್ಪಿಕೊಂಡಿತು. ಅದರಂತೆ ದಕ್ಷಿಣ ಕನ್ನಡವು ಕರ್ನಾಟಕ ಪ್ರಾಂತಿಕ ಕಾಂಗ್ರೆಸ್ ಸಮಿತಿಯ ವ್ಯಾಪ್ತಿಗೆ ಬಂದಿತು. ಸರ್ಕಾರದ ಕಡತದಲ್ಲಿ ಇಲ್ಲದ ಕರ್ನಾಟಕವೊಂದು ಹೀಗೆ ಸದಸ್ಯತ್ವದ ರಶೀದಿ ಪುಸ್ತಕದಲ್ಲಿ ಹುಟ್ಟಿತು. 1956ರಲ್ಲಿ ರಾಜ್ಯವಾಗಿ ರೂಪುಗೊಂಡದ್ದು ಬಹುಮಟ್ಟಿಗೆ ಅದೇ ಭೂಪಟ.

ವಸಾಹತು ಆಡಳಿತದ ವಿರುದ್ಧ ನಡೆದ ಪ್ರತಿರೋಧವನ್ನು ನಾವು ಸಾಮಾನ್ಯವಾಗಿ ಮೆರವಣಿಗೆ, ಲಾಠಿಪ್ರಹಾರ, ಸೆರೆಮನೆಗಳ ಕಥೆಯಾಗಿ ಹೇಳುತ್ತೇವೆ. ರಾಜಕೀಯ ಸಂಘಟನೆಗಳು ಮಾಡಿದ ಇನ್ನೊಂದು ಕೆಲಸ ಅಷ್ಟು ಎದ್ದು ಕಾಣುವುದಿಲ್ಲ. ಪ್ರಭುತ್ವವು ಜನರನ್ನು ಹೇಗೆ ಎಣಿಸುತ್ತಿತ್ತೋ ಆ ಎಣಿಕೆಯನ್ನೇ ಅವು ನಿರಾಕರಿಸಿದವು. ಕರಾವಳಿಯ ಕ್ರೈಸ್ತರ ಪಾಲಿಗೆ ನಿಜವಾದ ಪ್ರಶ್ನೆ ಎದುರಾದದ್ದು ಅಲ್ಲಿಯೇ ಎಂಬುದು ಈ ಲೇಖನದ ವಾದ.

ನಮ್ಮ ಪ್ರಾಂತ್ಯದಲ್ಲಿ ಈ ಕಥೆ ಕಾಂಗ್ರೆಸ್ಸಿಗಿಂತ ಮುಂಚೆ ಆರಂಭವಾಗುತ್ತದೆ. 1852ರಲ್ಲಿ ಗಾಜುಲ ಲಕ್ಷ್ಮೀನರಸು ಚೆಟ್ಟಿಯವರ ನೇತೃತ್ವದಲ್ಲಿ ಮದರಾಸು ನೇಟಿವ್ ಅಸೋಸಿಯೇಷನ್ ಸ್ಥಾಪಿತವಾಯಿತು. ಕಂಪನಿಯ ಸನ್ನದು ನವೀಕರಣಗೊಳ್ಳುವ ಸಮಯಕ್ಕೆ ಸರಿಯಾಗಿ ಅದು ಬ್ರಿಟಿಷ್ ಸಂಸತ್ತಿಗೆ ಮನವಿ ಸಲ್ಲಿಸಿತು. ಕಂದಾಯ ವಸೂಲಿಗಾಗಿ ರೈತರನ್ನು ಚಿತ್ರಹಿಂಸೆಗೆ ಗುರಿಪಡಿಸುತ್ತಿದ್ದುದು ಆ ದೂರುಗಳ ತಿರುಳಾಗಿತ್ತು. ವಿಷಯ ಸಂಸತ್ತಿನಲ್ಲಿ ಚರ್ಚೆಗೆ ಬಂದು, ತನಿಖೆಗೆ ಆಯೋಗ ನೇಮಕವಾಗಿ, 1855ರಲ್ಲಿ ಅದರ ವರದಿ ಚಿತ್ರಹಿಂಸೆ ನಡೆಯುತ್ತಿದ್ದುದನ್ನು ಒಪ್ಪಿಕೊಂಡಿತು. ಬೆರಳೆಣಿಕೆಯ ವರ್ತಕರ ಸಂಘವೊಂದು ಕಂಪನಿ ಸರ್ಕಾರದ ಬಾಯಿಂದ ತಪ್ಪೊಪ್ಪಿಗೆ ಹೊರಡಿಸಿದ ಮೊದಲ ಪ್ರಸಂಗಗಳಲ್ಲಿ ಇದು ಒಂದು.

ಆದರೆ ಗುರುಮಠದ ಓದುಗರು ಈ ಸಂಘದ ಇನ್ನೊಂದು ಮುಖವನ್ನೂ ನೋಡಬೇಕು. ಲಕ್ಷ್ಮೀನರಸು ಚೆಟ್ಟಿಯವರು ಸಾರ್ವಜನಿಕ ಜೀವನಕ್ಕೆ ಇಳಿದದ್ದೇ ಮಿಷನರಿಗಳ ವಿರುದ್ಧ. 1840ರ ದಶಕದಲ್ಲಿ ಸರ್ಕಾರಿ ಶಾಲೆಗಳಲ್ಲಿ ಬೈಬಲನ್ನು ಪಠ್ಯವಾಗಿಸುವ ಪ್ರಯತ್ನ ನಡೆದಾಗ ಅವರೂ ಅವರ ‘ಕ್ರೆಸೆಂಟ್’ ಪತ್ರಿಕೆಯೂ ಪ್ರತಿಭಟಿಸಿದವು. ಅಂದರೆ ನಮ್ಮ ಪ್ರಾಂತ್ಯದ ಮೊದಲ ರಾಜಕೀಯ ಸಂಘದ ಬೇರಿನಲ್ಲೇ, ಪ್ರಭುತ್ವ ಮತ್ತು ಧರ್ಮಪ್ರಚಾರಗಳು ಕೈಜೋಡಿಸಿವೆ ಎಂಬ ಸಂಶಯವಿತ್ತು. ಆ ಸಂಶಯ ಪೂರ್ತಿ ನಿರಾಧಾರವಾಗಿರಲಿಲ್ಲ ಎಂದು ಒಪ್ಪಿಕೊಳ್ಳುವುದು ನಮಗೆ ಕಷ್ಟವಾದರೂ ಒಪ್ಪಲೇಬೇಕು. ರೈತನ ಬೆನ್ನಿನ ಮೇಲಿನ ಗಾಯವನ್ನು ಸಂಸತ್ತಿನ ಮುಂದೆ ಬಿಚ್ಚಿಟ್ಟವರೇ ಬೈಬಲ್ ಪಠ್ಯವನ್ನು ವಿರೋಧಿಸಿದವರು. ಇವರಲ್ಲಿ ಸುವಾರ್ತೆಗೆ ಹತ್ತಿರದ ಕೆಲಸ ಮಾಡಿದವರು ಯಾರು ಎಂದು ತರಗತಿಯಲ್ಲಿ ಕೇಳಿದಾಗ ಒಂದಿಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ.

ಮದರಾಸು ಮಹಾಜನ ಸಭಾ (1884) ಹಾಗೂ ಆರಂಭದ ಕಾಂಗ್ರೆಸ್ಸು (1885) ಇದೇ ಮನವಿಯ ಹಾದಿಯಲ್ಲಿ ಸಾಗಿದವು. ಬಂಗಾಳದ ಕ್ರೈಸ್ತ ಕಾಲಿಚರಣ ಬ್ಯಾನರ್ಜಿಯಂಥವರು ಆ ಮೊದಲ ಅಧಿವೇಶನಗಳಲ್ಲಿ ಪಾಲ್ಗೊಂಡಿದ್ದರು. ನಮ್ಮ ಜಿಲ್ಲೆಯಲ್ಲಿ ಸ್ಥಿತಿ ಬದಲಾದದ್ದು ಕಾರ್ನಾಡು ಸದಾಶಿವ ರಾಯರಿಂದ. ಮಂಗಳೂರಿನ ಈ ಶ್ರೀಮಂತ ವಕೀಲರು 1919ರಲ್ಲಿ ಗಾಂಧೀಜಿಯವರ ಸತ್ಯಾಗ್ರಹ ಪ್ರತಿಜ್ಞೆಗೆ ಸಹಿ ಹಾಕಿದರು. ಆಸ್ತಿಯನ್ನೆಲ್ಲ ಚಳವಳಿಗೆ ಸುರಿದು, ಸೆರೆವಾಸ ಅನುಭವಿಸಿ, 1937ರ ಜನವರಿಯಲ್ಲಿ ಬಡವರಾಗಿ ಮುಂಬಯಿಯಲ್ಲಿ ನಿಧನರಾದರು. 1920ರ ಆಗಸ್ಟಿನಲ್ಲಿ ಗಾಂಧೀಜಿ ಮತ್ತು ಶೌಕತ್ ಅಲಿ ಮಂಗಳೂರಿಗೆ ಬಂದರು. ಅದೇ ವರ್ಷದ ಕೊನೆಗೆ ಕಾಂಗ್ರೆಸ್ಸಿನ ಹೊಸ ನಿಯಮಾವಳಿ ಜಾರಿಗೆ ಬಂತು. ವರ್ಷಕ್ಕೆ ನಾಲ್ಕಾಣೆ ಕೊಟ್ಟು, ಶಾಂತಿಯುತ ಮಾರ್ಗದಿಂದ ಸ್ವರಾಜ್ಯ ಪಡೆಯುವ ಧ್ಯೇಯಕ್ಕೆ ಸಹಿ ಹಾಕಿದ ಯಾವ ವಯಸ್ಕನೂ ಸದಸ್ಯನಾಗಬಹುದಿತ್ತು.

ಈ ನಾಲ್ಕಾಣೆಯ ಪಕ್ಕದಲ್ಲಿ ಸರ್ಕಾರದ ಮತದಾರರ ಪಟ್ಟಿಯನ್ನಿಟ್ಟು ನೋಡಬೇಕು. 1919ರ ಕಾಯಿದೆಯ ಪ್ರಕಾರ ಮತದಾನದ ಹಕ್ಕು ಇದ್ದದ್ದು ಆಸ್ತಿ ಉಳ್ಳವರಿಗೆ, ತೆರಿಗೆ ಕಟ್ಟುವವರಿಗೆ. ಅದೂ ಧರ್ಮವಾರು ವಿಂಗಡಣೆಯೊಂದಿಗೆ. ಮದರಾಸು ಶಾಸನ ಪರಿಷತ್ತಿನಲ್ಲಿ ಭಾರತೀಯ ಕ್ರೈಸ್ತರಿಗೆ 5 ಸ್ಥಾನಗಳು, ಪ್ರತ್ಯೇಕ ಮತಕ್ಷೇತ್ರ. ಒಂದು ಪಟ್ಟಿ ಕ್ರೈಸ್ತನನ್ನು ಕ್ರೈಸ್ತನಾಗಿ ಮಾತ್ರ ಗುರುತಿಸಿತು. ಇನ್ನೊಂದು ಅವನ ಧರ್ಮವನ್ನು ಕೇಳಲೇ ಇಲ್ಲ. ಯಾವುದರಲ್ಲಿ ಹೆಸರು ಬರೆಸಬೇಕು?

ಕರಾವಳಿಯ ಕಥೋಲಿಕರಲ್ಲಿ ಬಹುಪಾಲು ಜನರು ಮೊದಲನೆಯದರಲ್ಲೇ ಉಳಿದರು. ಈ ಸತ್ಯವನ್ನು ಕೆಲವು ವೀರರ ಹೆಸರುಗಳ ಹಿಂದೆ ಮರೆಮಾಡುವುದು ನಮ್ಮ ಲೇಖಕರಿಗೆ ಅಭ್ಯಾಸವಾಗಿದೆ. ಅದರಿಂದ ಇತಿಹಾಸಕ್ಕೂ ಲಾಭವಿಲ್ಲ, ವಿಶ್ವಾಸಕ್ಕೂ ಇಲ್ಲ. ದೂರ ಉಳಿದುದಕ್ಕೆ ಕಾರಣಗಳಿದ್ದವು. 1784ರಲ್ಲಿ ಟಿಪ್ಪು ಸುಲ್ತಾನರ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ ಸಮುದಾಯ ಬಿಡುಗಡೆ ಹೊಂದಿದ್ದು 1799ರಲ್ಲಿ, ಇಂಗ್ಲಿಷರ ವಿಜಯದಿಂದ. ಆ 15 ವರ್ಷಗಳ ನೆನಪು ಮನೆಮನೆಯಲ್ಲೂ ಇತ್ತು, ಅದರೊಂದಿಗೆ ಬಿಡಿಸಿದವರ ಋಣವೂ. 1878ರ ಕೊನೆಗೆ ಬಂದ ಯೇಸುಸಭೆಯ ಗುರುಗಳು ಇಟಲಿಯವರು; ಪರದೇಶದ ಮಿಷನರಿಗಳು ರಾಜಕೀಯದಿಂದ ದೂರವಿರಬೇಕೆಂಬುದು ಸರ್ಕಾರದ ನಿರೀಕ್ಷೆಯಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಬಳಿಕ ಹೊರಗಟ್ಟಿದ್ದನ್ನೂ, ಅವರ ಹಂಚಿನ ಕಾರ್ಖಾನೆಗಳು ಕೈಬದಲಾದದ್ದನ್ನೂ ಮಂಗಳೂರು ಕಣ್ಣಾರೆ ಕಂಡಿತ್ತು. ‘ಕ್ರೈಸ್ತ ಸರ್ಕಾರ’ದ ಕೃಪೆ ಶಿಲುಬೆಯನ್ನಲ್ಲ, ಬಾವುಟವನ್ನು ನೋಡಿ ಬರುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಪಾಠ ಬೇಕಿರಲಿಲ್ಲ. ಆದರೂ ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯವೇ ರಾಜಕೀಯ ಧರ್ಮಶಾಸ್ತ್ರದ ಆದಿಯೂ ಅಂತ್ಯವೂ ಆಗಿ ಉಳಿಯಿತು. ಪ್ರೇಷಿತರ ಕಾರ್ಯಕಲಾಪಗಳ 5ನೆಯ ಅಧ್ಯಾಯದಲ್ಲಿ ಪೇತ್ರರು ಅಧಿಕಾರಿಗಳಿಗೆ ಕೊಟ್ಟ ಉತ್ತರ ಹಬ್ಬದ ಪ್ರಬೋಧನೆಗಷ್ಟೇ ಸೀಮಿತವಾಯಿತು.

ಹೊರಟವರೂ ಇದ್ದರು. ಉಡುಪಿ ಬಳಿಯ ಬೆಳ್ಳೆಯಲ್ಲಿ 1907ರಲ್ಲಿ ಜನಿಸಿದ ಜೋಕಿಂ ಆಳ್ವರು ಕ್ರೈಸ್ತ ಯುವಜನರನ್ನು ರಾಷ್ಟ್ರೀಯ ಚಳವಳಿಯತ್ತ ಸೆಳೆದರು, ಸೆರೆಮನೆ ಸೇರಿದರು, 1943ರಲ್ಲಿ ‘ಫೋರಂ’ ವಾರಪತ್ರಿಕೆ ಆರಂಭಿಸಿದರು, 1952ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಆಯ್ಕೆಯಾದರು. ಆದರೆ ಅವರ ರಾಜಕೀಯ ಜೀವನ ರೂಪುಗೊಂಡದ್ದು ಮುಂಬಯಿಯಲ್ಲಿ, ಊರಿನಲ್ಲಲ್ಲ. ಇದನ್ನು ಗಮನಿಸದೆ ಅವರ ಭಾವಚಿತ್ರಕ್ಕೆ ಹಾರ ಹಾಕುವುದು ಸುಲಭ.

ಕ್ರೈಸ್ತರ ಸ್ವಂತ ಸಂಘಟನೆಗಳಲ್ಲಿಯೂ ಈ ಸೆಣಸಾಟ ನಡೆಯಿತು. 1914ರಲ್ಲಿ ಆರಂಭವಾದ ಅಖಿಲ ಭಾರತ ಭಾರತೀಯ ಕ್ರೈಸ್ತರ ಸಮ್ಮೇಳನ ಬಹುಪಾಲು ಪ್ರೊಟೆಸ್ಟೆಂಟರದು. ಅದು ಕ್ರಮೇಣ ಪ್ರತ್ಯೇಕ ಮತಕ್ಷೇತ್ರವನ್ನು ವಿರೋಧಿಸುವ ನಿಲುವಿಗೆ ಬಂದಿತು. 1930ರ ಮೊದಲ ದುಂಡುಮೇಜಿನ ಪರಿಷತ್ತಿಗೆ ಭಾರತೀಯ ಕ್ರೈಸ್ತರ ಪರವಾಗಿ ಇಬ್ಬರು ಹೋದರು. ಸೇಲಂನಲ್ಲಿ ಜನಿಸಿದ, ವೈ.ಎಂ.ಸಿ.ಎ.ಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಕೆ. ಟಿ. ಪಾಲ್ ಪ್ರತ್ಯೇಕ ಮತಕ್ಷೇತ್ರ ಬೇಡವೆಂದರು. ತಂಜಾವೂರಿನ ಕಥೋಲಿಕ ಎ. ಟಿ. ಪನ್ನೀರಸೆಲ್ವಂ ಬೇಕೆಂದರು. ಪಾಲ್ 1931ರಲ್ಲಿ ತೀರಿಕೊಂಡರು. 1932ರ ಕೋಮುವಾರು ತೀರ್ಪು ಪನ್ನೀರಸೆಲ್ವಂ ಕೇಳಿದ್ದನ್ನು ಕೊಟ್ಟಿತು. ಪಾಲ್ ಅವರ ವಾದ ಕೇವಲ ರಾಜಕೀಯವಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ತನ್ನದೇ ಜನರ ಮತವನ್ನು ಮಾತ್ರ ಕೇಳುವ ಸಭೆ ನೆರೆಯವನೊಂದಿಗೆ ಮಾತಾಡುವ ಅಗತ್ಯವನ್ನೇ ಕಳೆದುಕೊಳ್ಳುತ್ತದೆ. ಸಾಕ್ಷ್ಯಕ್ಕೆ ಅಲ್ಲಿ ಕಿವಿಯೇ ಇರುವುದಿಲ್ಲ.

ಪ್ರಶ್ನೆ ಮತ್ತೆ ಎದ್ದದ್ದು ಸಂವಿಧಾನ ರಚನಾ ಸಭೆಯಲ್ಲಿ. 1947ರಲ್ಲಿ ಪ್ರತ್ಯೇಕ ಮತಕ್ಷೇತ್ರ ಹೋದರೂ ಮೀಸಲು ಸ್ಥಾನಗಳು ಉಳಿದಿದ್ದವು. 1949ರ ಮೇ ತಿಂಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗಿದ್ದ ಆ ಮೀಸಲನ್ನೂ ಕೈಬಿಡುವ ಪ್ರಸ್ತಾಪ ಬಂದಾಗ, ಅದರ ಮುಂಚೂಣಿಯಲ್ಲಿದ್ದವರು ಬಂಗಾಳದ ಕ್ರೈಸ್ತ ಎಚ್. ಸಿ. ಮುಖರ್ಜಿ. ಬೆಂಬಲಿಸಿ ಮಾತಾಡಿದವರಲ್ಲಿ ಮಂಗಳೂರಿನಲ್ಲಿ ಜನಿಸಿದ ಯೇಸುಸಭೆಯ ಗುರು, ವಂದನೀಯ ಜೆರೋಮ್ ಡಿಸೋಜಾ ಇದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ‘ಗೌದಿಯುಂ ಎತ್ ಸ್ಪೆಸ್’ ಬಂದದ್ದು 1965ರಲ್ಲಿ. ನ್ಯಾಯವಾಗಿ ದೊರೆತ ಹಕ್ಕುಗಳೇ ಆದರೂ ಅವುಗಳ ಬಳಕೆ ತನ್ನ ಸಾಕ್ಷ್ಯದ ಪ್ರಾಮಾಣಿಕತೆಯನ್ನು ಸಂಶಯಕ್ಕೆ ಈಡುಮಾಡುವುದಾದರೆ ಧರ್ಮಸಭೆ ಅವನ್ನು ಬಿಟ್ಟುಕೊಡುವುದು ಎಂದು ಅದರ 76ನೆಯ ಪರಿಚ್ಛೇದ ಹೇಳುತ್ತದೆ. ಮಹಾಸಭೆಗಿಂತ 16 ವರ್ಷ ಮೊದಲೇ ಭಾರತದ ಕ್ರೈಸ್ತರು ಅದನ್ನು ಮಾಡಿದ್ದರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ನಮಗೆ ಹಿತವಾಗಿರುತ್ತದೆ. ಆದರೆ ಬಿಟ್ಟುಕೊಟ್ಟವರು ಯಾರು, ಕಳೆದುಕೊಂಡವರು ಯಾರು ಎಂಬುದನ್ನು ಕೇಳಲೇಬೇಕು. ಪರಿಷತ್ತಿನ 5 ಸ್ಥಾನಗಳಿಗೆ ಮತ ಹಾಕಿದವರೂ ಆಸ್ತಿವಂತರು, 1949ರಲ್ಲಿ ಮಾತಾಡಿದವರೂ ವಿದ್ಯಾವಂತರು. ಅವರ ಮಕ್ಕಳಿಗೆ ಶಾಲೆ, ಉದ್ಯೋಗಗಳ ದಾರಿ ತೆರೆದೇ ಇತ್ತು. ಮರುವರ್ಷ, 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಧರ್ಮಕ್ಕೆ ಕಟ್ಟಿಹಾಕಿತು. ದೀಕ್ಷಾಸ್ನಾನ ಪಡೆದ ದಲಿತ, ಊರಿನವರ ಕಣ್ಣಿಗೆ ದಲಿತನಾಗಿಯೇ ಉಳಿದರೂ ಸರ್ಕಾರದ ಪಟ್ಟಿಯಿಂದ ಹೊರಬಿದ್ದ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಪೂರ್ಣವಾಗಿ ಸೇರಿಸಿಕೊಳ್ಳಲಾಯಿತು. ದಲಿತ ಕ್ರೈಸ್ತರ ವಿಷಯಕ್ಕೆ 2022ರಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು. ನಾಲ್ಕಾಣೆಯ ಪಟ್ಟಿ ಅಳಿಸಲು ಹೊರಟ ಎಣಿಕೆ ಅವರ ಪಾಲಿಗೆ ಮಾತ್ರ ಇನ್ನೊಂದು ಬಾಗಿಲಿನಿಂದ ಮರಳಿ ಬಂದಿತು. ಆ ದಿನಗಳ ನಮ್ಮ ತ್ಯಾಗವನ್ನು ಬೋಧಿಸುವಾಗ ಅವರ ಹೆಸರು ಎಷ್ಟನೆಯ ಪುಟದಲ್ಲಿ ಬರುತ್ತದೆ ಎಂದು ನಮ್ಮ ಪಠ್ಯಪುಸ್ತಕಗಳನ್ನು ತೆರೆದು ನೋಡಿಕೊಳ್ಳಬಹುದು.