ಒಂದು ಮಾತ್ರೆ ಇನ್ನೊಂದಕ್ಕೆ ವೈರಿಯಾದಾಗ

1912ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಆಲ್ಫ್ರೆಡ್ ಹೌಪ್ಟ್‌ಮನ್ ಎಂಬ ತರುಣ ವೈದ್ಯರು, ರಾತ್ರಿ ನಿದ್ದೆ ಬರಲೆಂದು ರೋಗಿಗಳಿಗೆ ಹೊಸದೊಂದು ಔಷಧ ಕೊಟ್ಟರು. ಅವರಲ್ಲಿದ್ದ ಮೂರ್ಛೆರೋಗಿಗಳಿಗೆ ನಿದ್ದೆಯಷ್ಟೇ ಬರಲಿಲ್ಲ, ಫಿಟ್ಸ್ ಕೂಡ ಕಡಿಮೆಯಾಯಿತು. ಆ ಔಷಧವೇ ಫೀನೋಬಾರ್ಬಿಟಾಲ್. 1857ರಿಂದ ಬಳಕೆಯಲ್ಲಿದ್ದ ಬ್ರೋಮೈಡ್ ಕ್ರಮೇಣ ಹಿಂದೆ ಸರಿಯಿತು. 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಫೆನಿಟಾಯಿನ್‌ನ ಗುಣವನ್ನು ಜಗತ್ತಿಗೆ ತಿಳಿಸಿದರು. ಮುಂದೆ ಕಾರ್ಬಮಜೆಪಿನ್ ಬಂತು. ಬೆಲೆ ಕಡಿಮೆಯಾದ್ದರಿಂದ ಬಡ ದೇಶಗಳ ಮೂರ್ಛೆರೋಗಿಗಳಿಗೆ ಇವೇ ಆಧಾರವಾದವು.

ಈ ಮೂರಕ್ಕೂ ಒಂದು ಸಮಾನ ಸ್ವಭಾವವಿದೆ. ನಾವು ನುಂಗುವ ಅನೇಕ ಔಷಧಗಳನ್ನು ಒಡೆದು ಹೊರಹಾಕುವ ಕಿಣ್ವಗಳು ಯಕೃತ್ತಿನಲ್ಲಿವೆ. ಈ ಮಾತ್ರೆಗಳು ಆ ಕಿಣ್ವಗಳ ಕೆಲಸವನ್ನು ಚುರುಕುಗೊಳಿಸುತ್ತವೆ. ಆಗ ಜತೆಯಲ್ಲಿ ಸೇವಿಸಿದ ಬೇರೆ ಔಷಧ ಬೇಗನೆ ಕರಗಿಹೋಗುತ್ತದೆ. ಈ ಗುಣ ಎಷ್ಟು ಅಪಾಯಕಾರಿಯಾಗಬಲ್ಲದು ಎಂಬುದನ್ನು ಏಡ್ಸ್ ತೋರಿಸಿಕೊಟ್ಟಿತು.

1981ರಲ್ಲಿ ಅಮೆರಿಕದಲ್ಲಿ ಏಡ್ಸ್‌ನ ಮೊದಲ ವರದಿಗಳು ಪ್ರಕಟವಾದವು. 1986ರಲ್ಲಿ ಅಂದಿನ ಮದ್ರಾಸಿನಲ್ಲಿ ಭಾರತದ ಮೊದಲ ಎಚ್‌ಐವಿ ಸೋಂಕು ಪತ್ತೆಯಾಯಿತು. ದೇಹದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಕ್ಷಯ, ಟಾಕ್ಸೊಪ್ಲಾಸ್ಮಾ, ಕ್ರಿಪ್ಟೊಕಾಕಸ್ ಮುಂತಾದ ಸೋಂಕುಗಳು ಮಿದುಳಿಗೆ ತಗಲುತ್ತವೆ. ಇದರಿಂದ ಫಿಟ್ಸ್ ಬರಬಹುದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇಂಥ ರೋಗಿಗಳ ಚಿಕಿತ್ಸೆಯಲ್ಲಿ ತಾವು ಪಡೆದ ಅನುಭವವನ್ನು 2008ರಲ್ಲಿ 'ಎಪಿಲೆಪ್ಸಿಯಾ' ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ.

1996ರ ಹೊತ್ತಿಗೆ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದು, ಎಚ್‌ಐವಿ ಸೋಂಕಿತರ ಸಾವು ಇಳಿಯತೊಡಗಿತು. ಆದರೆ ಬೆಲೆ ಬಡವರ ಕೈಗೆಟುಕುವಂತಿರಲಿಲ್ಲ. 2001ರಲ್ಲಿ ಭಾರತದ ಸಿಪ್ಲಾ ಕಂಪನಿ ವರ್ಷಕ್ಕೆ 350 ಡಾಲರ್‌ಗೆ ಈ ಔಷಧಗಳನ್ನು ಕೊಡಲು ಮುಂದಾಯಿತು. 2004ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರ ಉಚಿತ ಚಿಕಿತ್ಸೆ ಆರಂಭಿಸಿತು. ಹೀಗೆ ಅಗ್ಗದ ಎಚ್‌ಐವಿ ಮಾತ್ರೆಯೂ ಅಗ್ಗದ ಮೂರ್ಛೆ ಮಾತ್ರೆಯೂ ಒಬ್ಬನೇ ರೋಗಿಯ ಹೊಟ್ಟೆ ಸೇರುವ ಕಾಲ ಬಂತು. ರಕ್ತದಲ್ಲಿ ಎಚ್‌ಐವಿ ಔಷಧದ ಪ್ರಮಾಣ ಇಳಿದರೆ ವೈರಾಣು ಮತ್ತೆ ತಲೆ ಎತ್ತುತ್ತದೆ, ಆ ಔಷಧಕ್ಕೇ ಬಗ್ಗದಂತೆ ಬಲಿಯುತ್ತದೆ.

2012ರಲ್ಲಿ ಅಮೆರಿಕದ ನರವಿಜ್ಞಾನ ಅಕಾಡೆಮಿ ಮತ್ತು ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಸಂಘ ಒಟ್ಟಾಗಿ ಮಾರ್ಗಸೂಚಿ ಹೊರಡಿಸಿದವು. ಫೆನಿಟಾಯಿನ್ ಸೇವಿಸುವವರಿಗೆ ಲೊಪಿನಾವಿರ್-ರಿಟೊನಾವಿರ್ ಪ್ರಮಾಣವನ್ನು ಸುಮಾರು ಅರ್ಧದಷ್ಟು ಹೆಚ್ಚಿಸಬೇಕಾಗಬಹುದು, ವಾಲ್‌ಪ್ರೋಯೇಟ್ ಸೇವಿಸುವವರಿಗೆ ಜಿಡೋವುಡಿನ್ ಕಡಿಮೆ ಮಾಡಬೇಕಾಗಬಹುದು ಎಂದು ಅದು ಹೇಳಿತು. ಸಾಧ್ಯವಾದಲ್ಲಿ ಕಿಣ್ವಗಳನ್ನು ಚುರುಕುಗೊಳಿಸುವ ಮಾತ್ರೆಗಳನ್ನೇ ಬಿಡುವುದು ಒಳಿತೆಂಬುದು ಅದರ ಸಾರ.

1999ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಲೆವೆಟಿರಾಸಿಟಮ್ ಬಹುಪಾಲು ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಯಕೃತ್ತಿನ ಈ ಜಗಳಕ್ಕೆ ಅದು ಸಿಕ್ಕುವುದಿಲ್ಲ. ಕೆಲವರಲ್ಲಿ ಸಿಡುಕು, ಖಿನ್ನತೆ ತರಬಹುದಾದರೂ ಈ ರೋಗಿಗಳಿಗೆ ಅದು ಹೆಚ್ಚು ಅನುಕೂಲ. ವಾಲ್‌ಪ್ರೋಯೇಟ್ ಕಿಣ್ವಗಳನ್ನು ಕೆರಳಿಸದು, ಆದರೆ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಎಚ್‌ಐವಿಗೆ ಈಗ ವ್ಯಾಪಕವಾಗಿ ಕೊಡುವ ಡೊಲುಟೆಗ್ರಾವಿರ್ ಕೂಡ ಈ ತೊಡಕಿನಿಂದ ಪೂರ್ತಿ ಪಾರಾಗಿಲ್ಲ. ಜತೆಗೆ ಕಾರ್ಬಮಜೆಪಿನ್ ಇದ್ದರೆ ಅದನ್ನು ದಿನಕ್ಕೆ ಒಂದರ ಬದಲು ಎರಡು ಬಾರಿ ಕೊಡಬೇಕಾಗುತ್ತದೆ.

ಹಾಗೆಂದು ಹಳೆಯ ಮಾತ್ರೆಯನ್ನು ತಾನಾಗಿ ಏಕಾಏಕಿ ಬಿಟ್ಟವನಿಗೆ ಫಿಟ್ಸ್ ಬಿಡದೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಬದಲಾವಣೆ ಏನಿದ್ದರೂ ವೈದ್ಯರ ಕಣ್ಣೆದುರೇ ಆಗಬೇಕು. ತೊಡಕು ಇರುವುದೂ ಇಲ್ಲೇ. ಮೂರ್ಛೆರೋಗ, ಎಚ್‌ಐವಿ ಎರಡನ್ನೂ ಜನ ಮುಚ್ಚಿಡುತ್ತಾರೆ. ಒಂದು ಕಾಯಿಲೆಯ ವೈದ್ಯರಿಗೆ ಇನ್ನೊಂದನ್ನು ಹೇಳಲು ನಾಚುವ ರೋಗಿಗೆ ಯಾವ ಮಾರ್ಗಸೂಚಿಯೂ ನೆರವಾಗದು. ಔಷಧಗಳ ಜಗಳ ಬಿಡಿಸುವ ದಾರಿಯನ್ನು ವಿಜ್ಞಾನ ಕಂಡುಕೊಂಡಿದೆ. ರೋಗಿ ಅಂಜದೆ ಬಾಯಿಬಿಡುವಂಥ ವಾತಾವರಣವನ್ನು ಸಮಾಜವೇ ಕಟ್ಟಿಕೊಡಬೇಕು.