ಚಿಪ್ಪು, ಸಿಗಡಿ ತಿಂದು ನಿಂಬೆಹಣ್ಣಿನ ಶರಬತ್ತು ಕುಡಿದರೆ ಸಾಯುತ್ತಾರೆಯೇ?

"ತೈವಾನಿನಲ್ಲಿ ಒಬ್ಬ ಮಹಿಳೆ ಕಣ್ಣು, ಕಿವಿ, ಮೂಗು, ಬಾಯಿಗಳಿಂದ ರಕ್ತ ಸುರಿದು ರಾತ್ರೋರಾತ್ರಿ ಸತ್ತಳು. ಕಾರಣ: ಆಕೆ ದಿನವೂ ವಿಟಮಿನ್ ಸಿ ಮಾತ್ರೆ ನುಂಗುತ್ತಿದ್ದಳು, ಅಂದು ಸಿಗಡಿ ತಿಂದಿದ್ದಳು. ಎರಡೂ ಸೇರಿ ಹೊಟ್ಟೆಯಲ್ಲಿ ಪಾಷಾಣ ಆಯಿತು. ದಯವಿಟ್ಟು ಎಲ್ಲರಿಗೂ ಕಳುಹಿಸಿ."

ಈ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದು ಹೊಸದೇನಲ್ಲ, ವಾಟ್ಸಾಪ್ ಹುಟ್ಟುವ ಮೊದಲೇ ಇ-ಮೇಲ್‌ಗಳಲ್ಲಿ ಓಡಾಡುತ್ತಿತ್ತು. ಕೆಲವು ಸಂದೇಶಗಳಲ್ಲಿ ಸಿಗಡಿಯ ಜೊತೆಗೆ ಚಿಪ್ಪು, ಏಡಿ, ಬೊಂಡಾಸ್ ಎಲ್ಲವೂ ಸೇರಿಕೊಂಡಿರುತ್ತವೆ. ಬಳಚಿನ ಸುಕ್ಕಕ್ಕೆ ನಿಂಬೆ ಹಿಂಡಿಕೊಂಡು ತಿನ್ನುವ ಕರಾವಳಿಯವರಿಗೆ ಇದನ್ನು ಓದಿದರೆ ಗಾಬರಿಯಾಗುವುದು ಸಹಜ. ಆದ್ದರಿಂದ ಇದರಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ನೋಡೋಣ.

ಮೊದಲಿಗೆ ನಿಜ. ಸಮುದ್ರದ ಜೀವಿಗಳಲ್ಲಿ ಆರ್ಸೆನಿಕ್ ಇರುತ್ತದೆ. ಸಮುದ್ರದ ನೀರಿನಲ್ಲಿರುವ ಆರ್ಸೆನಿಕ್ ಅನ್ನು ಪಾಚಿ ಹೀರಿಕೊಳ್ಳುತ್ತದೆ. ಆ ಪಾಚಿಯನ್ನು ಚಿಪ್ಪಿನ ಒಳಗಿನ ಮೃದ್ವಂಗಿಗಳು ಸೋಸಿ ತಿನ್ನುತ್ತವೆ. ಆದರೆ ಆರ್ಸೆನಿಕ್ ಎಂದರೆ ಒಂದೇ ವಸ್ತುವಲ್ಲ. ನಾವು ಪಾಷಾಣ ಎನ್ನುವ ಬಿಳಿ ಪುಡಿ ಆರ್ಸೆನಿಕ್ ಟ್ರೈಆಕ್ಸೈಡ್, ಅದು ಅಜೈವಿಕ ಆರ್ಸೆನಿಕ್. ಸಿಗಡಿ, ಮೀನುಗಳಲ್ಲಿ ಹೆಚ್ಚಾಗಿ ಇರುವುದು ಆರ್ಸೆನೋಬೀಟೇನ್ ಎಂಬ ಜೈವಿಕ ರೂಪ. 1977ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಕಲ್ಲೇಡಿ ಜಾತಿಯ ಲಾಬ್‌ಸ್ಟರ್‌ನಲ್ಲಿ ಇದನ್ನು ಗುರುತಿಸಿದರು. ಇದು ನಮ್ಮ ದೇಹದಲ್ಲಿ ಏನೂ ಬದಲಾಗದೆ ಒಂದೆರಡು ದಿನಗಳಲ್ಲಿ ಮೂತ್ರದಲ್ಲಿ ಹೊರಟುಹೋಗುತ್ತದೆ. ನಿಂಬೆರಸಕ್ಕೆ ಇದನ್ನು ಒಡೆದು ಪಾಷಾಣ ಮಾಡುವ ಶಕ್ತಿ ಇಲ್ಲ.

ಚಿಪ್ಪುಗಳಲ್ಲಿ ಆರ್ಸೆನಿಕ್ ಸೇರಿಕೊಂಡ ಸಕ್ಕರೆಯಂಥ ಸಂಯುಕ್ತಗಳೂ ಇರುತ್ತವೆ. ಇವು ದೇಹದಲ್ಲಿ ಒಡೆಯುತ್ತವೆ, ಇವುಗಳ ಬಗ್ಗೆ ಸಂಶೋಧನೆ ಇನ್ನೂ ನಡೆಯುತ್ತಿದೆ. ಆದರೆ ಒಡೆದಾಗ ಸಿಗುವುದು ಬೇರೆ ವಸ್ತು, ಪಾಷಾಣವಲ್ಲ.

ಹಾಗಾದರೆ ಈ ಫಾರ್ವರ್ಡ್ ಬರೆದವರಿಗೆ ವಿಟಮಿನ್ ಸಿ ಹೇಗೆ ಹೊಳೆಯಿತು? ಅಜೈವಿಕ ಆರ್ಸೆನಿಕ್‌ನಲ್ಲಿಯೂ ಎರಡು ಬಗೆ ಇದೆ, ಕಡಿಮೆ ವಿಷದ್ದು ಮತ್ತು ಹೆಚ್ಚು ವಿಷದ್ದು. ಪ್ರಯೋಗಾಲಯದ ಗಾಜಿನ ಲೋಟದಲ್ಲಿ ವಿಟಮಿನ್ ಸಿ ಮೊದಲನೆಯದನ್ನು ಎರಡನೆಯದಾಗಿ ಬದಲಿಸಬಲ್ಲದು. ರಸಾಯನಶಾಸ್ತ್ರದ ಈ ಒಂದು ಸಾಲಿಗೆ ಕಥೆ ಹೊಸೆಯಲಾಗಿದೆ. ತಮಾಷೆ ಎಂದರೆ, ಈ ಬದಲಾವಣೆಯನ್ನು ನಮ್ಮ ದೇಹ ನಿಂಬೆಯ ಹಂಗಿಲ್ಲದೆ ತಾನೇ ಮಾಡುತ್ತದೆ! ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಅಜೈವಿಕ ಆರ್ಸೆನಿಕ್ ಎಷ್ಟಿದೆ?

ಲೆಕ್ಕ ಹಾಕೋಣ. ಮೃದ್ವಂಗಿಗಳ ಮಾಂಸದಲ್ಲಿ ಕಿಲೋಗೆ 1 ಮಿಲಿಗ್ರಾಂಗಿಂತ ಹೆಚ್ಚು ಅಜೈವಿಕ ಆರ್ಸೆನಿಕ್ ಇರಬಾರದು ಎಂಬುದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ನಿಯಮ. ಒಬ್ಬ ವಯಸ್ಕನನ್ನು ಕೊಲ್ಲಲು ಸುಮಾರು 100ರಿಂದ 200 ಮಿಲಿಗ್ರಾಂ ಪಾಷಾಣ ಬೇಕು, ಅದರ ತೂಕದಲ್ಲಿ ಮುಕ್ಕಾಲು ಪಾಲು ಆರ್ಸೆನಿಕ್. ಅಂದರೆ ಮಿತಿಯ ಅಂಚಿಗೆ ಬಂದ ಚಿಪ್ಪನ್ನೇ ತಿಂದರೂ ಒಂದೇ ಊಟಕ್ಕೆ 75 ಕಿಲೋ ಮಾಂಸ ತಿನ್ನಬೇಕು, ಚಿಪ್ಪಿನ ತೂಕ ಬಿಟ್ಟು!

ಇನ್ನು ಕಣ್ಣು, ಕಿವಿಗಳಿಂದ ರಕ್ತ ಸುರಿಯುವ ಮಾತು. ಇದು ಹಳೆಯ ಚೀನೀ ಕಾದಂಬರಿಗಳಲ್ಲಿ ವಿಷ ಕುಡಿದವರ ಸಾವಿನ ವರ್ಣನೆ. ಆರ್ಸೆನಿಕ್ ವಿಷ ಏರಿದವರಿಗೆ ಮೊದಲು ಆಗುವುದು ಹೊಟ್ಟೆನೋವು, ವಾಂತಿ, ಗಂಜಿನೀರಿನಂಥ ಭೇದಿ.

ಆರ್ಸೆನಿಕ್‌ಗೆ ಹೆದರಲೇಬೇಕೆಂದಿದ್ದರೆ ಬಾವಿ, ಬೋರ್‌ವೆಲ್ ನೀರಿನ ಕಡೆ ನೋಡಿ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಪಶ್ಚಿಮ ಬಂಗಾಳ, ಬಾಂಗ್ಲಾದೇಶಗಳಲ್ಲಿ ಲಕ್ಷಾಂತರ ಜನ ಇದಕ್ಕಿಂತ ಎಷ್ಟೋ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದಿದ್ದಾರೆ. ನಮ್ಮ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿಯೂ ಅಂತರ್ಜಲದಲ್ಲಿ ಇದು ಪತ್ತೆಯಾಗಿತ್ತು. ಆ ಬಗ್ಗೆ ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಈ ಸುಳ್ಳು ಸಂದೇಶದಿಂದ ಆಗುವ ದೊಡ್ಡ ನಷ್ಟ ಬೇರೆಯೇ ಇದೆ. ಚಿಪ್ಪಿನಿಂದ ನಿಜವಾಗಿ ಬರುವ ಅಪಾಯಗಳ ಮೇಲಿನ ಗಮನ ಇದರಿಂದ ತಪ್ಪಿಹೋಗುತ್ತದೆ.

1988ರಲ್ಲಿ ಚೀನಾದ ಶಾಂಘೈ ನಗರದಲ್ಲಿ ಸುಮಾರು 3 ಲಕ್ಷ ಜನರಿಗೆ ಹೆಪಟೈಟಿಸ್ ಎ, ಅಂದರೆ ಒಂದು ಬಗೆಯ ಕಾಮಾಲೆ ತಗುಲಿತು. ಕೊಳಚೆ ಸೇರಿದ ನೀರಿನಲ್ಲಿ ಬೆಳೆದ ಚಿಪ್ಪುಗಳನ್ನು ಬಿಸಿನೀರಿನಲ್ಲಿ ಅದ್ದಿ ಅರೆಬೆಂದದ್ದನ್ನೇ ತಿಂದದ್ದು ಕಾರಣ. ಚಿಪ್ಪು ದಿನವಿಡೀ ನೀರು ಸೋಸುತ್ತದೆ, ನೀರಿನಲ್ಲಿದ್ದ ವೈರಸ್, ಬ್ಯಾಕ್ಟೀರಿಯಾ ಅದರ ಹೊಟ್ಟೆಯಲ್ಲಿ ಕೂಡಿಬೀಳುತ್ತವೆ. ನಿಂಬೆ ಹಿಂಡಿದರೆ ಮಾಂಸ ಬಿಳಿಚಿ ಬೆಂದ ಹಾಗೆ ಕಾಣುತ್ತದೆ, ಆದರೆ ವೈರಸ್ ಸಾಯುವುದಿಲ್ಲ. ತಟ್ಟಿದರೂ ಬಾಯಿ ಮುಚ್ಚದ, ಒಡೆದ ಚಿಪ್ಪುಗಳನ್ನು ಎಸೆದು, ಉಳಿದವನ್ನು ಬಾಯಿ ಬಿಟ್ಟ ಮೇಲೂ ನಾಲ್ಕೈದು ನಿಮಿಷ ಕುದಿಸಬೇಕು.

ಕುದಿಸಿದರೂ ಹೋಗದ ವಿಷವೂ ಒಂದಿದೆ. ಕೆಲವು ಕಾಲದಲ್ಲಿ ಸಮುದ್ರದಲ್ಲಿ ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಮಾಡುವ ಸೂಕ್ಷ್ಮ ಪಾಚಿ ವಿಪರೀತ ಬೆಳೆಯುತ್ತದೆ. ಅದನ್ನು ತಿಂದ ಚಿಪ್ಪು ಚೆನ್ನಾಗಿಯೇ ಇರುತ್ತದೆ, ವಾಸನೆ, ರುಚಿ ಕೆಡುವುದಿಲ್ಲ. 1981ರಲ್ಲಿ ತಮಿಳುನಾಡಿನಲ್ಲಿ ಇದರಿಂದ ಮೂವರು ಸತ್ತರು, 85 ಮಂದಿ ಆಸ್ಪತ್ರೆ ಸೇರಿದರು. 1983ರಲ್ಲಿ ಮಂಗಳೂರಿನ ಬಳಿಯೂ ಇದೇ ವಿಷಬಾಧೆ ಕಾಣಿಸಿಕೊಂಡಿತು. ಸಮುದ್ರದ ನೀರು ಕೆಂಪಾಗಿದೆ ಎಂದೋ, ಚಿಪ್ಪು ಆರಿಸಬೇಡಿ ಎಂದೋ ಮೀನುಗಾರಿಕೆ ಇಲಾಖೆಯವರು ಹೇಳಿದರೆ ಕೇಳಬೇಕಾದದ್ದು ಈ ಕಾರಣಕ್ಕೆ.

ಚಿಪ್ಪು ತಿಂದ ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ತುಟಿ, ನಾಲಿಗೆ, ಬೆರಳುಗಳ ತುದಿ ಜುಮುಜುಮು ಎಂದರೆ ಮನೆಮದ್ದು ಮಾಡುತ್ತ ಕೂರಬೇಡಿ. ಈ ವಿಷಕ್ಕೆ ಪ್ರತಿವಿಷ ಇಲ್ಲ, ಉಸಿರಾಟದ ಸ್ನಾಯುಗಳು ಸೋತರೆ ವೆಂಟಿಲೇಟರ್ ಬೇಕಾಗುತ್ತದೆ. ಅದಿರುವ ಆಸ್ಪತ್ರೆಗೆ ಕೂಡಲೇ ಹೋಗಿ, ಏನು ತಿಂದಿದ್ದೀರಿ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಅದೇ ಊಟ ಮಾಡಿದ ಮನೆಯ ಉಳಿದವರನ್ನೂ ಜೊತೆಗೆ ಕರೆದುಕೊಂಡು ಹೋಗಿ.